ಮಳೆ ನಿಂತ ಮೇಲೂ ಮ್ಯಾಚ್ ಯಾಕಿಲ್ಲ? ಕೊನೆ ಗಳಿಗೆಯಲ್ಲಿ ಫುಟ್‌ಬಾಲ್ ಪಂದ್ಯ ಮುಂದೂಡುವ ಹಿಂದಿನ ಲೆಕ್ಕ

ತುಮಕೂರಿನಿಂದ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಸುಮಾರು 70 ಕಿ.ಮೀ. ಕೋಲಾರದಿಂದಲೂ ಹೆಚ್ಚುಕಡಿಮೆ ಅಷ್ಟೇ. ಚಿಕ್ಕಬಳ್ಳಾಪುರದಿಂದ 60ರ ಆಸುಪಾಸು, ಕೆಜಿಎಫ್‌ನಿಂದ ನೂರು. ರಾತ್ರಿ ಏಳೂವರೆಯ ಪಂದ್ಯ ನೋಡಬೇಕೆಂದರೆ ನಾಲ್ಕು ಗಂಟೆಗೆಲ್ಲ ಬಸ್ಸೋ ರೈಲೋ ಹತ್ತಿರಬೇಕು. ಕೆಲಸಕ್ಕೆ ಅರ್ಧ ದಿನ ರಜೆ, ಹೋಗಿಬರುವ ಖರ್ಚು, ಜೊತೆಗೆ ಮಕ್ಕಳಿದ್ದರೆ ಊಟದ ಚಿಂತೆ. ಇಷ್ಟೆಲ್ಲ ಆಗಿ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ನಿಂತಾಗ ಫೋನಿಗೆ ‘ಪಂದ್ಯ ಮುಂದೂಡಲಾಗಿದೆ’ ಎಂಬ ಸಂದೇಶ ಬಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಊರಿನ ಟೂರ್ನಿಗಳಲ್ಲೂ ಇದೇ ಪಾಡು: ತಂಡಗಳು ಜೆರ್ಸಿ ತೊಟ್ಟು ನಿಂತಿರುತ್ತವೆ, ಮಳೆಯೂ ನಿಂತಿರುತ್ತದೆ, ಆಗ ಮೈಕಿನಲ್ಲಿ ‘ಇವತ್ತು ಆಟ ಇಲ್ಲ’ ಎನ್ನುತ್ತಾರೆ.

ಮಳೆ ಬರುತ್ತದೆಂದು ಬೆಳಿಗ್ಗೆಯೇ ಗೊತ್ತಿತ್ತಲ್ಲ, ಆಗಲೇ ಯಾಕೆ ಹೇಳಲಿಲ್ಲ? ಪ್ರಶ್ನೆ ನ್ಯಾಯವಾದದ್ದು. ಉತ್ತರದ ಒಂದು ಭಾಗ ಮೋಡದಲ್ಲಿದೆ, ಒಂದು ಭಾಗ ಮಣ್ಣಿನಲ್ಲಿದೆ, ಇನ್ನೊಂದು ಭಾಗ ಆಯೋಜಕರ ಕೈಯಲ್ಲಿದೆ.

ಮೊದಲು ನಾಲ್ಕು ಪದ

ಸುದ್ದಿಯಲ್ಲಿ ಎಲ್ಲವನ್ನೂ ‘ರದ್ದು’ ಎಂದೇ ಬರೆದುಬಿಡುತ್ತಾರೆ. ಟಿಕೆಟ್ ಕೈಯಲ್ಲಿರುವವರಿಗೆ ಮಾತ್ರ ವ್ಯತ್ಯಾಸ ಗೊತ್ತಿರಲೇಬೇಕು. ಕಿಕ್ ಆಫ್ ಆಗುವ ಮೊದಲೇ ಪಂದ್ಯವನ್ನು ಬೇರೆ ದಿನಕ್ಕೆ ಹಾಕಿದರೆ ಅದು ಮುಂದೂಡಿಕೆ. ಆಟ ಶುರುವಾದ ಮೇಲೆ ಅದೇ ದಿನ ಮುಂದುವರಿಸುವ ಯೋಚನೆಯಿಂದ ನಿಲ್ಲಿಸಿದರೆ ತಾತ್ಕಾಲಿಕ ಸ್ಥಗಿತ. ಶುರುವಾದ ಆಟ ಆ ದಿನ ಮುಗಿಯುವುದೇ ಇಲ್ಲವೆಂದು ರೆಫರಿ ತೀರ್ಮಾನಿಸಿದರೆ ಪಂದ್ಯ ಕೈಬಿಟ್ಟಂತೆ. ಇನ್ನು ಮುಂದೆ ಆ ಪಂದ್ಯವೇ ಇಲ್ಲ ಎಂದಾದರೆ ಮಾತ್ರ ಅದು ರದ್ದು. ಹವಾಮಾನದಿಂದ ಆಗುವುದು ಬಹುತೇಕ ಮೊದಲ ಮೂರೇ.

ಮಳೆಯಲ್ಲೂ ಆಡುವ ಆಟ ನಿಲ್ಲುವುದು ಯಾವಾಗ

ಕ್ರಿಕೆಟ್‌ನಲ್ಲಿ ನಾಲ್ಕು ಹನಿ ಬಿದ್ದರೆ ಪಿಚ್‌ಗೆ ಹೊದಿಕೆ ಬರುತ್ತದೆ. ಫುಟ್‌ಬಾಲ್‌ನಲ್ಲಿ ಮಳೆ ಬರುತ್ತಿದೆ ಎಂಬುದೇ ಆಟ ನಿಲ್ಲಿಸಲು ಕಾರಣವಾಗುವುದಿಲ್ಲ. ನಿಲ್ಲಿಸುವುದು ಮಳೆಯ ಜೊತೆ ಬರುವ ಬೇರೆ ಸಂಗತಿಗಳು: ಅಂಗಳದಲ್ಲಿ ನಿಂತ ನೀರು, ಸಿಡಿಲು, ಬಿರುಗಾಳಿ, ಕಣ್ಣಿಗೆ ಏನೂ ಕಾಣದ ಸ್ಥಿತಿ. ನಂದಿಬೆಟ್ಟದ ಸುತ್ತಿನ ಊರುಗಳಲ್ಲಿ ಚಳಿಗಾಲದ ಬೆಳಗಿನ ಪಂದ್ಯಗಳಿಗೆ ಮಂಜು ಅಡ್ಡ ಬರುವುದುಂಟು. ಅಲ್ಲಿ ಪರೀಕ್ಷೆ ಸರಳ: ರೆಫರಿ ನಿಂತ ಜಾಗದಿಂದ ಎರಡೂ ಗೋಲ್ ಕಾಣಬೇಕು, ಅಂಚಿನಲ್ಲಿರುವ ಸಹಾಯಕ ರೆಫರಿಯ ಬಾವುಟ ಕಾಣಬೇಕು. ಬಿಸಿಲೇರಿದರೆ ಮಂಜು ಕರಗುತ್ತದೆ. ನೀರು ಮತ್ತು ಸಿಡಿಲು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಹದಿನೈದು ಟ್ಯಾಂಕರ್ ನೀರು

ದೊಡ್ಡ ಪಂದ್ಯಗಳ ಅಂಗಳ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ 7,140 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮುಕ್ಕಾಲು ಗಂಟೆ ಜೋರಾಗಿ ಸುರಿದು 25 ಮಿ.ಮೀ. ಆಯಿತೆನ್ನಿ. ಅಂಗಳಕ್ಕೆ ಬಿದ್ದದ್ದು 1,78,500 ಲೀಟರ್. ಬೇಸಿಗೆಯಲ್ಲಿ ನಮ್ಮ ಬಡಾವಣೆಗಳಿಗೆ ಬರುವ 12 ಸಾವಿರ ಲೀಟರಿನ ಟ್ಯಾಂಕರ್‌ಗಳಲ್ಲಿ ಹದಿನೈದನ್ನು ಸಾಲಾಗಿ ನಿಲ್ಲಿಸಿ ಒಂದೇ ಅಂಗಳಕ್ಕೆ ಸುರಿದಷ್ಟು.

ಈ ನೀರು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಪಂದ್ಯದ ಹಣೆಬರಹ ನಿಂತಿದೆ. ಸರಿಯಾಗಿ ಕಟ್ಟಿದ ಹುಲ್ಲಿನ ಅಂಗಳದಲ್ಲಿ ಹುಲ್ಲಿನ ಕೆಳಗೆ ಸುಮಾರು ಒಂದಡಿ ಮರಳು, ಅದರ ಕೆಳಗೆ ಜಲ್ಲಿ, ಜಲ್ಲಿಯಲ್ಲಿ ಕೆಲವೇ ಮೀಟರ್ ಅಂತರಕ್ಕೊಂದರಂತೆ ತೂತು ಕೊರೆದ ಪೈಪ್ ಇರುತ್ತವೆ. ನೀರು ಮರಳಿನಲ್ಲಿ ಇಳಿದು ಪೈಪ್ ಸೇರಿ ಹೊರಗಿನ ಚರಂಡಿಗೆ ಹೋಗುತ್ತದೆ. ಮಳೆ ನಿಂತ ಅರ್ಧ ಗಂಟೆಯಲ್ಲಿ ಇಂಥ ಅಂಗಳ ಆಟಕ್ಕೆ ಸಿದ್ಧವಾಗಬಲ್ಲದು. 2012ರ ಯೂರೋ ಕಪ್‌ನಲ್ಲಿ ಡೊನೆಟ್ಸ್ಕ್‌ನಲ್ಲಿ ನಡೆದ ಉಕ್ರೇನ್–ಫ್ರಾನ್ಸ್ ಪಂದ್ಯ ಶುರುವಾದ ಐದು ನಿಮಿಷದೊಳಗೆ ಗುಡುಗು ಮಳೆಗೆ ನಿಂತುಹೋಯಿತು. ಅಂಗಳ ಕೆರೆಯಾಗಿತ್ತು. ಸುಮಾರು ಒಂದು ಗಂಟೆಯ ನಂತರ ಅದೇ ಅಂಗಳದಲ್ಲಿ ಆಟ ಮುಂದುವರಿದು ಫ್ರಾನ್ಸ್ 2–0ಯಿಂದ ಗೆದ್ದಿತು.

ನಮ್ಮ ತಾಲ್ಲೂಕು ಮೈದಾನಗಳದ್ದು ಬೇರೆ ಕಥೆ. ಗಣಿ ಕಾಲದಿಂದಲೂ ಫುಟ್‌ಬಾಲ್ ಆಡಿಕೊಂಡು ಬಂದ ಕೆಜಿಎಫ್ ಇರಲಿ, ತುಮಕೂರು, ಚಿಂತಾಮಣಿ, ಶಿರಾದ ಕಾಲೇಜು ಮೈದಾನಗಳಿರಲಿ, ಹೆಚ್ಚಿನ ಕಡೆ ಇರುವುದು ವರ್ಷಗಟ್ಟಲೆ ತುಳಿದು, ರೋಲರ್ ಓಡಿಸಿ, ಮೇಲೆ ವಾಹನ ನಿಲ್ಲಿಸಿ ಗಟ್ಟಿಯಾದ ಕೆಂಪು ಮಣ್ಣು. ಇಂಥ ನೆಲಕ್ಕೆ ಗಂಟೆಗೆ ಐದಾರು ಮಿಲಿಮೀಟರ್ ನೀರು ಕುಡಿಯುವುದೂ ಕಷ್ಟ. ಮೊದಲ ಹತ್ತು ನಿಮಿಷದ ಮಳೆಗೆ ಮೇಲಿನ ಸಣ್ಣ ಮಣ್ಣು ಕದಡಿ, ನೆಲದ ಸೂಕ್ಷ್ಮ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತದೆ. ಆಮೇಲೆ ಬಿದ್ದದ್ದೆಲ್ಲ ತಗ್ಗು ಹುಡುಕಿಕೊಂಡು ಹೋಗುತ್ತದೆ. ಮೈದಾನದಲ್ಲಿ ತಗ್ಗು ಇರುವುದು ಎಲ್ಲರೂ ಹೆಚ್ಚು ತುಳಿಯುವ ಕಡೆ, ಅಂದರೆ ಎರಡೂ ಗೋಲಿನ ಬಾಯಲ್ಲಿ ಮತ್ತು ನಡು ವೃತ್ತದಲ್ಲಿ. ಆಟಕ್ಕೆ ಬಹಳ ಬೇಕಾದ ಜಾಗದಲ್ಲೇ ನೀರು ನಿಲ್ಲುವುದಕ್ಕೆ ಇದೇ ಕಾರಣ.

ಕೃತಕ ಹುಲ್ಲಿನ ಅಂಗಳದಲ್ಲಿ ಕೆಸರಾಗುವುದಿಲ್ಲ. ಆದರೆ ಹಾಸಿನ ಅಡಿಯ ತೂತುಗಳು ದೂಳಿನಿಂದ ಕಟ್ಟಿಕೊಂಡಿದ್ದರೆ ಅಲ್ಲೂ ನೀರು ನಿಲ್ಲುತ್ತದೆ, ಎಳೆಗಳ ನಡುವೆ ತುಂಬಿದ ರಬ್ಬರ್ ಹರಳು ತೇಲಿ ಒಂದು ಕಡೆ ಗುಡ್ಡೆಯಾಗುತ್ತದೆ.

ರೆಫರಿ ಚೆಂಡು ಹಿಡಿದು ಏನು ಮಾಡುತ್ತಾರೆ

ಪಂದ್ಯಕ್ಕೆ ಮೊದಲು ರೆಫರಿ ಅಂಗಳದಲ್ಲಿ ಓಡಾಡುವುದನ್ನು ಗ್ಯಾಲರಿಯಿಂದ ನೋಡಿದರೆ ಸುಮ್ಮನೆ ತಿರುಗಾಡಿದಂತೆ ಕಾಣುತ್ತದೆ. ಅಲ್ಲಿ ನಡೆಯುವುದು ನಾಲ್ಕೈದು ನಿರ್ದಿಷ್ಟ ಪರೀಕ್ಷೆ. ಚೆಂಡನ್ನು ತಲೆಯೆತ್ತರದಿಂದ ಕೈಬಿಡುತ್ತಾರೆ. ಪುಟಿಯದೆ ‘ಪಚಕ್’ ಎಂದು ಕೂತುಬಿಟ್ಟರೆ ಅಲ್ಲಿ ನೀರು ಹೆಚ್ಚಿದೆ ಎಂದರ್ಥ. ಆಮೇಲೆ ನೆಲಕ್ಕೆ ಹತ್ತಿ ಹೋಗುವಂತೆ ಹತ್ತು ಹದಿನೈದು ಮೀಟರ್ ಪಾಸ್ ಕೊಟ್ಟು ನೋಡುತ್ತಾರೆ. ಇದನ್ನು ಎರಡೂ ಪೆನಾಲ್ಟಿ ಬಾಕ್ಸ್, ನಡು ವೃತ್ತ, ನಾಲ್ಕು ಮೂಲೆ, ಸಹಾಯಕ ರೆಫರಿ ಓಡುವ ಅಂಚು, ಎಲ್ಲ ಕಡೆಯೂ ಮಾಡಬೇಕು. ಬೂಟಿನ ಹಿಮ್ಮಡಿ ಒತ್ತಿದಾಗ ಸುತ್ತ ನೀರು ಉಕ್ಕುತ್ತದೆಯೇ, ಒಂದು ಕಾಲಿನ ಮೇಲೆ ತಿರುಗಿದರೆ ಬೂಟಿನ ಅಡಿಯ ಗುಬುಟು, ಅಂದರೆ ಸ್ಟಡ್, ನೆಲ ಹಿಡಿಯುತ್ತದೆಯೇ ಜಾರುತ್ತದೆಯೇ, ಸುಣ್ಣದ ಗೆರೆಗಳು ಉಳಿದಿವೆಯೇ, ಗೋಲ್ ಪೋಸ್ಟ್ ಅಲುಗಾಡುತ್ತದೆಯೇ ಎಂದು ನೋಡುತ್ತಾರೆ.

ಚೆಂಡು ನಿಂತರೇನಾಯಿತು, ಎರಡೂ ತಂಡಕ್ಕೆ ಒಂದೇ ಕಷ್ಟ ತಾನೇ ಎಂದು ಕೇಳುವವರಿದ್ದಾರೆ. ಅಪಾಯ ಇರುವುದು ಸ್ಕೋರಿಗಲ್ಲ, ಮೊಣಕಾಲಿಗೆ. ಡಿಫೆಂಡರ್ ಓಡಿಬಂದು ಸ್ಲೈಡ್ ಮಾಡುವಾಗ ಚೆಂಡು ಎಲ್ಲಿರುತ್ತದೆ ಎಂದು ಅಂದಾಜಿಸಿಯೇ ಮಾಡುತ್ತಾನೆ. ಚೆಂಡು ನೀರಿನಲ್ಲಿ ತಟ್ಟನೆ ನಿಂತರೆ, ಒದ್ದೆ ನೆಲದಲ್ಲಿ ಜಾರುವ ಅವನ ಕಾಲು ಚೆಂಡನ್ನು ದಾಟಿ ಎದುರಾಳಿಯ ಕಾಲಿಗೆ ಹೋಗಿ ಬಡಿಯುತ್ತದೆ. ಅರ್ಧ ಅಂಗಳ ಗಟ್ಟಿ, ಅರ್ಧ ಕೆಸರು ಇದ್ದಾಗ ಇನ್ನೂ ಕೆಟ್ಟದು: ಓಡುತ್ತಿದ್ದ ಕಾಲು ಕೆಸರಿನಲ್ಲಿ ಹೂತು ನಿಲ್ಲುತ್ತದೆ, ದೇಹ ಮುಂದೆ ತಿರುಗುತ್ತದೆ, ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿಯುತ್ತದೆ. ಅದು ಒಂದು ಇಡೀ ಸೀಸನ್‌ನ ಪೆಟ್ಟು.

2012ರ ಅಕ್ಟೋಬರ್ 16ರಂದು ವಾರ್ಸಾದಲ್ಲಿ ಪೋಲೆಂಡ್–ಇಂಗ್ಲೆಂಡ್ ನಡುವಿನ ವಿಶ್ವಕಪ್ ಅರ್ಹತಾ ಪಂದ್ಯ ನಿಂತದ್ದು ಇಂಥ ಚೆಂಡಿನ ಪರೀಕ್ಷೆಯಲ್ಲೇ. ಆ ಕ್ರೀಡಾಂಗಣಕ್ಕೆ ಮುಚ್ಚುವ ಚಾವಣಿಯೇ ಇದೆ. ಅದನ್ನು ಮಳೆಗೆ ಮೊದಲೇ ಮುಚ್ಚಬೇಕಿತ್ತು; ಜೋರು ಮಳೆ ಹಿಡಿದ ಮೇಲೆ ಸರಿಸಲಾಗಲಿಲ್ಲ. ಜನ ಒಳಗೆ ಕೂತು ಕಾದರು, ರೆಫರಿ ಚೆಂಡು ಉರುಳಿಸಿ ನೋಡಿದರು, ಚೆಂಡು ಉರುಳಲಿಲ್ಲ. ಪಂದ್ಯ ಮರುದಿನ ನಡೆದು 1–1ರಲ್ಲಿ ಮುಗಿಯಿತು.

ಸಿಡಿಲಿನ ಮೂವತ್ತು ನಿಮಿಷ

ಏಪ್ರಿಲ್–ಮೇ ತಿಂಗಳ ಭರಣಿ, ಕೃತ್ತಿಕೆ ಮಳೆಗಳು ನಮ್ಮಲ್ಲಿ ಬಹುತೇಕ ಮಧ್ಯಾಹ್ನದ ನಂತರ ಗುಡುಗಿಕೊಂಡೇ ಬರುತ್ತವೆ. ಬೇಸಿಗೆ ಟೂರ್ನಿಗಳೂ ಅದೇ ಹೊತ್ತಿಗೆ. ಸಿಡಿಲಿನ ವಿಷಯದಲ್ಲಿ ಅನೇಕ ದೇಶಗಳ ಕ್ರೀಡಾಕೂಟಗಳು ಪಾಲಿಸುವ ಲೆಕ್ಕವೊಂದಿದೆ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡ್ ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ. ಆಟ ನಿಲ್ಲಬೇಕು, ಎಲ್ಲರೂ ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಕಳೆದ ಮೇಲೆಯೇ ಮತ್ತೆ ಅಂಗಳಕ್ಕೆ.

ಪ್ರೇಕ್ಷಕರ ತಾಳ್ಮೆ ಕೆಡುವುದು ಇಲ್ಲೇ. ಪ್ರತಿ ಗುಡುಗಿಗೂ ಆ ಮೂವತ್ತು ನಿಮಿಷ ಮೊದಲಿನಿಂದ ಶುರು. 5:10ಕ್ಕೆ ಗುಡುಗಿದರೆ 5:40ರ ತನಕ ಕಾಯಬೇಕು. 5:38ಕ್ಕೆ ಮತ್ತೊಮ್ಮೆ ಗುಡುಗಿದರೆ 6:08. ತಲೆಯ ಮೇಲೆ ಆಕಾಶ ತಿಳಿಯಾಗಿದ್ದರೂ ಕಾಯಲೇಬೇಕು, ಏಕೆಂದರೆ ಸಿಡಿಲು ಮಳೆ ಬೀಳುವ ಜಾಗದಿಂದ ಕಿಲೋಮೀಟರ್‌ಗಟ್ಟಲೆ ಆಚೆಯೂ ಹೊಡೆಯಬಲ್ಲದು. 2025ರ ಜೂನ್ 28ರಂದು ಅಮೆರಿಕದ ಶಾರ್ಲೆಟ್‌ನಲ್ಲಿ ಕ್ಲಬ್ ವಿಶ್ವಕಪ್‌ನ ಚೆಲ್ಸಿ–ಬೆನ್ಫಿಕಾ ಪಂದ್ಯ ಮುಗಿಯಲು ನಾಲ್ಕೈದು ನಿಮಿಷ ಇದ್ದಾಗ ಸಿಡಿಲಿನ ಭಯಕ್ಕೆ ನಿಂತು, ಮುಂದುವರಿಯಲು ಸುಮಾರು ಎರಡು ಗಂಟೆ ಹಿಡಿಯಿತು. ಆಮೇಲೆ ಬೆನ್ಫಿಕಾ ಸಮ ಮಾಡಿತು, ಹೆಚ್ಚುವರಿ ಆಟದಲ್ಲಿ ಚೆಲ್ಸಿ 4–1ಕ್ಕೆ ಗೆದ್ದಿತು.

ಅಷ್ಟು ಕಾಯುವುದು ಅತಿಯಾಯಿತು ಅನ್ನಿಸಿದರೆ 2024ರ ನವೆಂಬರ್ 3ರಂದು ಪೆರು ದೇಶದ ಚಿಲ್ಕಾದಲ್ಲಿ ನಡೆದದ್ದನ್ನು ನೆನೆಯಬೇಕು. ಅಲ್ಲಿ ರೆಫರಿ ಪಂದ್ಯ ನಿಲ್ಲಿಸಿದ್ದರು. ಆಟಗಾರರು ಅಂಗಳದಿಂದ ಹೊರಗೆ ನಡೆದು ಹೋಗುತ್ತಿದ್ದಾಗ ಸಿಡಿಲು ಬಡಿದು ಒಬ್ಬ ಆಟಗಾರ ಸತ್ತ, ಕೆಲವರು ಗಾಯಗೊಂಡರು. ನಿಲ್ಲಿಸಿದ್ದು ತಪ್ಪಲ್ಲ, ಇನ್ನೂ ಮೊದಲೇ ನಿಲ್ಲಿಸಬೇಕಿತ್ತು ಎಂಬುದೇ ಆ ಘಟನೆ ಹೇಳುವುದು.

ಒಳಗೆ ಹೋಗುವುದು ಎಂದರೆ ಕಾಂಕ್ರೀಟ್ ಕಟ್ಟಡದೊಳಗೆ, ಇಲ್ಲವೇ ಕಿಟಕಿ ಮುಚ್ಚಿದ ಬಸ್ಸು, ಕಾರಿನೊಳಗೆ. ನಮ್ಮ ಮೈದಾನಗಳ ಅಂಚಿನ ನೀಲಗಿರಿ, ಹೊಂಗೆ ಮರದಡಿ ನಿಲ್ಲುವುದು ಬಯಲಿನಲ್ಲಿ ನಿಲ್ಲುವುದಕ್ಕಿಂತ ಮೇಲೇನಲ್ಲ. ಗೋಡೆಯಿಲ್ಲದ ಶೀಟಿನ ಗ್ಯಾಲರಿ, ಶಾಮಿಯಾನ, ಕಬ್ಬಿಣದ ಬೇಲಿ, ಗೋಲ್ ಪೋಸ್ಟ್, ಇವುಗಳಿಂದಲೂ ದೂರವಿರಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತಲಿನ 20 ಮತ್ತು 40 ಕಿ.ಮೀ. ವ್ಯಾಪ್ತಿಯ ಸಿಡಿಲನ್ನು ತೋರಿಸುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಕೂಡ ಇದೆ. ಟೂರ್ನಿ ನಡೆಸುವವರಲ್ಲಿ ಒಬ್ಬರ ಫೋನಿನಲ್ಲಾದರೂ ಇದು ತೆರೆದಿರಬೇಕು.

ಬೆಳಿಗ್ಗೆಯೇ ಹೇಳಲು ಯಾಕಾಗದು

ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಇಡೀ ಜಿಲ್ಲೆಗೆ ಕೊಡುವಂಥದ್ದು. ತುಮಕೂರು ಜಿಲ್ಲೆಯೇ ಹತ್ತು ಸಾವಿರ ಚದರ ಕಿ.ಮೀ.ಗೂ ದೊಡ್ಡದು. ಕುಣಿಗಲ್‌ನಲ್ಲಿ ಹಳ್ಳ ಹರಿಯುವ ದಿನ ಪಾವಗಡದಲ್ಲಿ ದೂಳು ಏಳಬಹುದು. ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ಮೀರಿದರೆ ಭಾರಿ ಮಳೆ. ಆದರೆ ಅಂಗಳಕ್ಕೆ 24 ಗಂಟೆಯ ಲೆಕ್ಕ ಸಾಲದು. ದಿನವಿಡೀ ಜಿನುಗಿ 60 ಮಿ.ಮೀ. ಆದರೂ ಒಳ್ಳೆಯ ಅಂಗಳ ತಡೆದುಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ 25 ಮಿ.ಮೀ. ಹೊಡೆದರೆ ಅದೇ ಅಂಗಳ ಸೋಲುತ್ತದೆ. ಒಂದೊಂದು ಗುಡುಗು ಮೋಡದ ಅಗಲ ಕೆಲವೇ ಕಿಲೋಮೀಟರ್, ಆಯುಸ್ಸು ಅರ್ಧದಿಂದ ಒಂದು ಗಂಟೆ. ಅದು ಯಾವ ಊರಿನ ಮೇಲೆ ಕಟ್ಟುತ್ತದೆ ಎಂದು ಬೆಳಿಗ್ಗೆ ಎಂಟಕ್ಕೆ ಯಾರೂ ಹೇಳಲಾರರು. ಮುಂದಿನ ಮೂರು ಗಂಟೆಗೆಂದು ಇಲಾಖೆ ಕೊಡುವ ತತ್‌ಕ್ಷಣದ ಮುನ್ಸೂಚನೆಯನ್ನು ಹೆಚ್ಚು ನಂಬಬಹುದು. ಆದರೆ ಅದು ಬರುವ ಹೊತ್ತಿಗೆ ಶಿರಾದಿಂದ ಹೊರಟವರು ಬಸ್ಸಿನಲ್ಲಿರುತ್ತಾರೆ.

ಬಿರುಗಾಳಿಯ ವಿಷಯ ಹಾಗಲ್ಲ. ಅದು ದೊಡ್ಡದು, ದಿನ ಮೊದಲೇ ಕಾಣುತ್ತದೆ. 2024ರ ಡಿಸೆಂಬರ್ 7ರಂದು ಎವರ್ಟನ್–ಲಿವರ್‌ಪೂಲ್ ಪಂದ್ಯವನ್ನು ಡಾರಾ ಚಂಡಮಾರುತದ ಕಾರಣಕ್ಕೆ ಬೆಳಿಗ್ಗೆಯೇ, ಕಿಕ್ ಆಫ್‌ಗೆ ಸುಮಾರು ನಾಲ್ಕು ಗಂಟೆ ಇರುವಾಗ ಮುಂದೂಡಿದರು. ಅಲ್ಲಿ ತೊಂದರೆ ಅಂಗಳದ್ದಾಗಿರಲಿಲ್ಲ; ಆ ಗಾಳಿಯಲ್ಲಿ ಸಾವಿರಾರು ಜನ ಓಡಾಡುವುದೇ ಅಪಾಯ ಎಂಬುದು ಕಾರಣ. ಪಂದ್ಯ 2025ರ ಫೆಬ್ರುವರಿ 12ರಂದು ನಡೆಯಿತು.

ಅಧಿಕಾರ ಯಾರದೆಂಬುದೂ ತಡಕ್ಕೆ ಕಾರಣ. ಪಂದ್ಯದ ದಿನಕ್ಕೆ ಮೊದಲು ತೀರ್ಮಾನ ಆಯೋಜಕರದು, ಲೀಗ್‌ನದು, ಅಗತ್ಯವಿದ್ದರೆ ಪೊಲೀಸರದು. ಅಂಗಳ ಮತ್ತು ಹವಾಮಾನ ಆಟಕ್ಕೆ ಯೋಗ್ಯವೇ ಎಂಬ ಕೊನೆಯ ಮಾತನ್ನು ಆಟದ ನಿಯಮಗಳು ರೆಫರಿಗೆ ಬಿಟ್ಟಿವೆ. ರೆಫರಿ ಸಾಮಾನ್ಯವಾಗಿ ಮೈದಾನ ತಲುಪುವುದು ಒಂದೂವರೆ ಎರಡು ಗಂಟೆ ಮೊದಲು. ಇದರ ಮೇಲೆ ಎಲ್ಲರಿಗೂ ಕಾದು ನೋಡುವ ಆಸೆ ಬೇರೆ: ಬಾಡಿಗೆ ಕೊಟ್ಟಾಗಿದೆ, ಎದುರು ತಂಡ ಬಂದಾಗಿದೆ, ಇನ್ನೊಂದು ದಿನ ಮೈದಾನ ಸಿಗುವುದು ಕಷ್ಟ. ಬೆಳಿಗ್ಗೆ ಮುಂದೂಡಿ ಸಂಜೆ ಬಿಸಿಲು ಬಂದರೆ ಬೈಗುಳ ಇನ್ನೂ ಜೋರು. ನೀರು ಹೀರುವ ಸಬ್‌ಏರ್ ವ್ಯವಸ್ಥೆ ಇರುವ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ 2025ರ ಮೇ 17ರ ಆರ್‌ಸಿಬಿ–ಕೆಕೆಆರ್ ಪಂದ್ಯ ಟಾಸ್ ಕೂಡ ಆಗದೆ ಕೊಚ್ಚಿಹೋಯಿತು. ಮಳೆ ಬಿಡುವು ಕೊಡದಿದ್ದರೆ ಯಂತ್ರ ಏನೂ ಮಾಡಲಾರದು.

ಫ್ಲಡ್‌ಲೈಟ್ ಇಲ್ಲದ ಮೈದಾನಕ್ಕೆ ಇನ್ನೊಂದು ಗಡುವಿದೆ. ಎರಡು 45 ನಿಮಿಷ, ನಡುವೆ 15, ಹೆಚ್ಚುವರಿ ಕೆಲವು ನಿಮಿಷ ಸೇರಿ ಪಂದ್ಯಕ್ಕೆ ಒಂದು ಗಂಟೆ ಐವತ್ತು ನಿಮಿಷ ಹಿಡಿಯಿರಿ. ಹಸ್ತ, ಚಿತ್ತಾ ಮಳೆಯ ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ. ಹಾಗಾಗಿ 4:10 ದಾಟಿತೆಂದರೆ, ಮಳೆ ಪೂರ್ತಿ ನಿಂತಿದ್ದರೂ ಆ ದಿನದ ಪಂದ್ಯ ಮುಗಿಯಿತು. ಮಳೆ ನಿಂತ ಮೇಲೂ ಆಟ ಇಲ್ಲ ಎನ್ನುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಮೈಕಿನಲ್ಲಿ ಮಾತ್ರ ಅದನ್ನು ಹೇಳುವುದಿಲ್ಲ.

ಮಣ್ಣಿನ ಮೈದಾನದಲ್ಲಿ ಏನು ಮಾಡಬಹುದು, ಏನು ಕೆಡಿಸುತ್ತದೆ

ದೊಡ್ಡ ಪರಿಹಾರ ಇಳಿಜಾರು. ನಡುವಿನಿಂದ ಎರಡೂ ಅಂಚಿಗೆ ಶೇ 1ರಷ್ಟು ಇಳಿಜಾರು ಕೊಟ್ಟರೆ, 68 ಮೀಟರ್ ಅಗಲದ ಅಂಗಳದ ನಡುಭಾಗ ಅಂಚಿಗಿಂತ 34 ಸೆಂ.ಮೀ. ಎತ್ತರವಿರುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ಅಂಚಿನಲ್ಲಿ ಚರಂಡಿ ಇರಲೇಬೇಕು. ಇಲ್ಲದಿದ್ದರೆ ನೀರು ಸೈಡ್‌ಲೈನ್‌ನಲ್ಲೇ ಮಡುಗಟ್ಟುತ್ತದೆ.

ಪಂದ್ಯದ ದಿನ ಮಳೆ ನಿಂತ ಮೇಲೆ ಮೊದಲು ನಿಂತ ನೀರನ್ನು ಮಗ್‌ನಿಂದ ಬಕೆಟ್‌ಗೆ ಮೊಗೆಯಬೇಕು, ಉಳಿದದ್ದನ್ನು ಸ್ಪಂಜು, ಗೋಣಿಚೀಲದಿಂದ ಹೀರಿಸಬೇಕು. ಪೊರಕೆಯಿಂದ ಗುಡಿಸುವುದು ತಪ್ಪು: ನೀರಿನ ಜೊತೆ ಸಣ್ಣ ಮಣ್ಣು ಹರಡಿ, ಒಣಗಿದ್ದ ಜಾಗವೂ ಜಾರುಬಂಡೆಯಾಗುತ್ತದೆ. ಒದ್ದೆ ನೆಲದ ಮೇಲೆ ರೋಲರ್ ಹಾಕಿದರೆ ಇದ್ದಬದ್ದ ರಂಧ್ರವೂ ಮುಚ್ಚುತ್ತದೆ. ನೀರು ತೆಗೆದ ತಗ್ಗಿನಲ್ಲಿ ಹಾರೆಯಿಂದ ಹತ್ತು ಹದಿನೈದು ಸೆಂ.ಮೀ. ಆಳಕ್ಕೆ ತೂತು ಹೊಡೆದು ಒಣ ಮರಳು ತುಂಬಬಹುದು. ನಮ್ಮ ಕಡೆ ಸುಲಭಕ್ಕೆ ಸಿಗುವುದು ಎಂ-ಸ್ಯಾಂಡ್. ಅದರ ಕಲ್ಲಿನ ಪುಡಿ ನೀರಿನಲ್ಲಿ ಗಾರೆಯಂತೆ ಕಟ್ಟುತ್ತದೆ, ಹರಳಿನ ಮೊನೆ ಬಿದ್ದವರ ಚರ್ಮ ಕೀಳುತ್ತದೆ. ಬೇರೇನೂ ಇಲ್ಲದಿದ್ದರೆ ಜರಡಿ ಹಿಡಿದು ಪುಡಿ ತೆಗೆದ ಮೇಲೆ ತಗ್ಗಿನ ಅಡಿಗೆ ಮಾತ್ರ ಹಾಕಿ, ಮೇಲೆ ಮೈದಾನದ್ದೇ ಒಣ ಮಣ್ಣು ಮುಚ್ಚಬೇಕು. ಇಡೀ ಅಂಗಳಕ್ಕೆ ಟಾರ್ಪಾಲ್ ಹೊದಿಸಲು ಆಗದು. ಎರಡು ಗೋಲಿನ ಬಾಯಿ ಮತ್ತು ನಡು ವೃತ್ತಕ್ಕೆ ಹೊದಿಸಿದರೂ ಅರ್ಧ ಗೆದ್ದಂತೆ.

ರಾತ್ರಿ ಟೂರ್ನಿಗಳಲ್ಲಿ ನೀರಿಗಿಂತ ದೊಡ್ಡ ಅಪಾಯ ಕರೆಂಟು. ನೆಲದ ಮೇಲೆ ಎಳೆದ ಕೇಬಲ್, ಟೇಪು ಸುತ್ತಿದ ಜಾಯಿಂಟ್ ಗೊಚ್ಚೆಯಲ್ಲಿ ಮುಳುಗಿದರೆ ಕಬ್ಬಿಣದ ಲೈಟ್ ಕಂಬ, ಬೇಲಿ ಎಲ್ಲಕ್ಕೂ ವಿದ್ಯುತ್ ಹರಿಯಬಹುದು. ಕೇಬಲ್ ತಲೆಯಿಂದ ಮೇಲಿರಬೇಕು, ಜಾಯಿಂಟ್ ಒಣ ಡಬ್ಬಿಯೊಳಗಿರಬೇಕು, ಜನರೇಟರಿಗೆ ಅರ್ಥಿಂಗ್ ಇರಬೇಕು, 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿತಗೊಳಿಸುವ ಬ್ರೇಕರ್ ಇರಬೇಕು. ಇದರಲ್ಲಿ ಒಂದು ಇಲ್ಲದಿದ್ದರೂ ಮಳೆ ಬಿದ್ದ ರಾತ್ರಿ ಆಟ ಆಡಿಸಲೇಬಾರದು. ಇಲ್ಲಿ ರಾಜಿಗೆ ಜಾಗವಿಲ್ಲ.

ತಡವಾದ ತೀರ್ಮಾನ ಬೇರೆ, ತಡವಾದ ಸುದ್ದಿ ಬೇರೆ

ತೀರ್ಮಾನ ತಡವಾಗುವುದಕ್ಕೆ ಮೋಡ, ಮಣ್ಣು, ನಿಯಮ ಎಲ್ಲವೂ ಕಾರಣ. ಆದರೆ ತೀರ್ಮಾನ ಯಾವಾಗ ಆಗುತ್ತದೆ ಎಂಬುದನ್ನು ಮೊದಲೇ ಹೇಳುವುದಕ್ಕೆ ಏನೂ ಅಡ್ಡಿಯಿಲ್ಲ. ಅಭಿಮಾನಿಗಳ ಸಿಟ್ಟಿಗೆ ನಿಜವಾದ ಕಾರಣ ಇರುವುದು ಇಲ್ಲೇ. ಸಂಜೆ ನಾಲ್ಕರ ಪಂದ್ಯವಾದರೆ ಹಿಂದಿನ ರಾತ್ರಿಯೇ ‘ಬೆಳಿಗ್ಗೆ 9ಕ್ಕೆ ಮೈದಾನ ನೋಡುತ್ತೇವೆ, ಮಧ್ಯಾಹ್ನ 1ಕ್ಕೆ ಮತ್ತೆ ನೋಡುತ್ತೇವೆ, ಕೊನೆಯ ಮಾತು 3 ಗಂಟೆಗೆ, ಕಾಯ್ದಿರಿಸಿದ ದಿನ ಮುಂದಿನ ಭಾನುವಾರ’ ಎಂದು ಒಂದು ಸಂದೇಶ ಹಾಕಬಹುದು. ಪ್ರತಿ ಸಲ ನೋಡಿದ ಹತ್ತು ನಿಮಿಷದೊಳಗೆ, ತೀರ್ಮಾನ ಆಗದಿದ್ದರೂ, ‘ಇನ್ನೂ ನೋಡುತ್ತಿದ್ದೇವೆ, ಗೋಲಿನ ಬಾಯಲ್ಲಿ ನೀರಿದೆ’ ಎಂದಾದರೂ ತಿಳಿಸಬೇಕು. ಆಗ ಮುಳಬಾಗಿಲಿನಿಂದ ಹೊರಡುವವರು ಹೊರಡಬೇಕೇ ಬೇಡವೇ ಎಂದು ತಾವೇ ನಿರ್ಧರಿಸುತ್ತಾರೆ. ಈ ಹೊಣೆ ಒಬ್ಬರ ಹೆಸರಿಗೆ ಇರಬೇಕು. ಐದು ಜನರ ಸಮಿತಿಗೆ ಬಿಟ್ಟರೆ ವಾಟ್ಸ್‌ಆ್ಯಪ್‌ನಲ್ಲಿ ಐದು ಸುದ್ದಿ ಓಡಾಡುತ್ತವೆ.

ಅರ್ಧಕ್ಕೆ ನಿಂತ ಪಂದ್ಯ, ಕೈಯಲ್ಲಿ ಉಳಿದ ಟಿಕೆಟ್

ಕೈಬಿಟ್ಟ ಪಂದ್ಯವನ್ನು ಮೊದಲಿನಿಂದ ಮತ್ತೆ ಆಡಬೇಕು ಎಂಬುದು ಆಟದ ನಿಯಮಗಳ ಮೂಲ ಮಾತು. ಆದರೆ ಆಯಾ ಟೂರ್ನಿಯ ನಿಯಮ ಬೇರೆ ಹೇಳಿದರೆ ಅದೇ ನಡೆಯುತ್ತದೆ. ಇಟಲಿಯ ಲೀಗ್‌ನಲ್ಲಿ ನಿಂತ ನಿಮಿಷದಿಂದಲೇ ಮುಂದುವರಿಸುತ್ತಾರೆ: 2016ರ ಸೆಪ್ಟೆಂಬರ್‌ನಲ್ಲಿ ಮಳೆಗೆ ನಿಂತ ಜಿನೋವಾ–ಫಿಯೊರೆಂಟೀನಾ ಪಂದ್ಯದ ಉಳಿದ ಭಾಗ ಡಿಸೆಂಬರ್‌ನಲ್ಲಿ ನಡೆಯಿತು. ಊರಿನ ಟೂರ್ನಿಗಳಲ್ಲಿ ಜಗಳ ಹತ್ತುವುದು ಇದನ್ನು ಬರೆದಿಡದ ಕಾರಣಕ್ಕೆ. 2–0 ಮುಂದಿದ್ದ ತಂಡ ಒಪ್ಪುವುದಿಲ್ಲ, ಹಿಂದಿದ್ದ ತಂಡ ಬಿಡುವುದಿಲ್ಲ. ಪ್ರವೇಶ ಶುಲ್ಕ ತೆಗೆದುಕೊಳ್ಳುವಾಗಲೇ ನಿಯಮದ ಹಾಳೆಗೆ ಎರಡೂ ನಾಯಕರ ಸಹಿ ಹಾಕಿಸಿಕೊಂಡರೆ ಸಾಕು.

ಮುಂದೂಡಿದ ಪಂದ್ಯದ ಟಿಕೆಟ್ ಸಾಮಾನ್ಯವಾಗಿ ಹೊಸ ದಿನಕ್ಕೂ ನಡೆಯುತ್ತದೆ. ಬಸ್ಸಿನ ಖರ್ಚು ಯಾರೂ ಕೊಡುವುದಿಲ್ಲ. ಹೊಸ ದಿನ ಹೋಗಲಾಗದಿದ್ದರೆ ಹಣ ವಾಪಸ್ ಇದೆಯೇ, ಕೇಳಲು ಕೊನೆಯ ದಿನ ಯಾವುದು, ಬುಕಿಂಗ್ ಶುಲ್ಕವೂ ಸೇರಿದೆಯೇ ಎಂಬುದು ಟಿಕೆಟ್‌ನ ಷರತ್ತಿನಲ್ಲಿರುತ್ತದೆ. ಅದನ್ನು ಕೊಳ್ಳುವ ಮೊದಲೇ ಓದಬೇಕು. ಫೋನಿಗೆ ಬಂದ ಟಿಕೆಟ್ ಮತ್ತು ಮುಂದೂಡಿಕೆಯ ಸಂದೇಶ ಎರಡನ್ನೂ ಅಳಿಸದೆ ಇಟ್ಟುಕೊಳ್ಳಿ. ಗೇಟಿನಲ್ಲಿ ಒಮ್ಮೆ ಸ್ಕ್ಯಾನ್ ಆದ ಟಿಕೆಟ್ ಹೊಸ ದಿನ ಮತ್ತೆ ಸ್ಕ್ಯಾನ್ ಆಗದೆ ತಕರಾರು ಬರಬಹುದು. ಒಳಗೆ ಹೋದ ಮೇಲೆ ಪಂದ್ಯ ನಿಂತರೆ, ಅದೇ ಟಿಕೆಟ್ ನಡೆಯುತ್ತದೆಯೇ ಇಲ್ಲವೇ ಬೇರೆ ಕೊಡುತ್ತಾರೆಯೇ ಎಂದು ಹೊರಬರುವಾಗಲೇ ಕೌಂಟರಿನಲ್ಲಿ ಕೇಳಿಕೊಳ್ಳಿ.